ಕಹಳೆ ನಿಂತ ಮೇಲೆ ಕೇಳಿಸಿದ ದನಿ

ಯೂಸುಫ್ ಇಸ್ಲಾಂ ಎಂಬ ಹೆಸರು ನಮ್ಮ ಮನೆಗೆ ಬಂದದ್ದು ಒಂದು ಕ್ಯಾಸೆಟ್ಟಿನ ರೂಪದಲ್ಲಿ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಸೌದಿಯಲ್ಲಿ ಡ್ರೈವರ್ ಆಗಿದ್ದ ಮಾಮು ರಜೆಗೆ ಬಂದಾಗ ಅತ್ತರು, ಖರ್ಜೂರ, ಜಾನಮಾಜುಗಳ ನಡುವೆ ಅದನ್ನೂ ಇಟ್ಟುಕೊಂಡು ಬಂದಿದ್ದರು. 1995ರಲ್ಲಿ ಹೊರಬಂದ 'ದಿ ಲೈಫ್ ಆಫ್ ದಿ ಲಾಸ್ಟ್ ಪ್ರಾಫೆಟ್'. ಪ್ರವಾದಿಯವರ(ಸ) ಜೀವನವನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುತ್ತ ಹೋಗುವ ಒಂದು ಗಂಭೀರ ದನಿ. ನಮಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಅಮ್ಮಿಗೆ ಏನೂ ಅರ್ಥವಾಗುತ್ತಿರಲಿಲ್ಲ, ಆದರೆ ಸೆರಗು ತಲೆಯ ಮೇಲೆಳೆದುಕೊಂಡು ಕೂತು ಕೇಳುತ್ತಿದ್ದರು. "ಈ ಮನುಷ್ಯ ಮೊದಲು ದೊಡ್ಡ ಪಾಪ್ ಸಿಂಗರ್ ಆಗಿದ್ದನಂತೆ, ಎಲ್ಲ ಬಿಟ್ಟು ಬಂದ" ಎಂದರು ಮಾಮು. ಎಲ್ಲ ಅಂದರೆ ಏನು ಎಂದು ನಾವು ಕೇಳಲಿಲ್ಲ.

ಕೆಲ ವರ್ಷಗಳ ನಂತರ ಕಾಲೇಜು ಹಾಸ್ಟೆಲಿನಲ್ಲಿ ಗೆಳೆಯನೊಬ್ಬನ ಕೋಣೆಯಿಂದ ಒಂದು ಹಾಡು ತೇಲಿ ಬಂತು. ಗಿಟಾರಿನ ಜೊತೆಗೆ ಒಬ್ಬ ತಂದೆ ಮಗನಿಗೆ ಬುದ್ಧಿ ಹೇಳುತ್ತಿದ್ದ, ಮಗ ಉತ್ತರಿಸುತ್ತಿದ್ದ. ಕ್ಯಾಸೆಟ್ಟಿನ ಮೇಲೆ ಕ್ಯಾಟ್ ಸ್ಟೀವನ್ಸ್ ಎಂದಿತ್ತು. ಆಗ ಅಬ್ಬಾ ನಮ್ಮನ್ನು ಡಿಪ್ಲೊಮಾ ಮುಗಿಸಿ ಮಾಮು ಜೊತೆ ಕಳಿಸಬೇಕೆಂದಿದ್ದರು, ನಮಗೆ ಕತೆ ಬರೆಯುವ ಹುಚ್ಚು. ಹಾಗಾಗಿ ಆ ಹಾಡು ನಮ್ಮ ಮನೆಯ ಪಡಸಾಲೆಯಲ್ಲೇ ನಡೆದಂತೆ ಕೇಳಿಸಿತು. ಹಾಡಿದವನು ಮಾಮು ತಂದ ಕ್ಯಾಸೆಟ್ಟಿನ ಮನುಷ್ಯನೇ ಎಂದು ತಿಳಿಯಲು ಮತ್ತೂ ಎರಡು ವರ್ಷ ಬೇಕಾಯಿತು. ಮಾಮು ಹೇಳಿದ 'ಎಲ್ಲ' ಎಂಬುದರಲ್ಲಿ ಈ ಹಾಡೂ ಇತ್ತೇ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಈ ಗಾಯಕನ ಬಗ್ಗೆ ಎರಡು ಕತೆಗಳು ಚಾಲ್ತಿಯಲ್ಲಿವೆ. ಒಂದು, ನಮ್ಮ ತಖ್ರೀರುಗಳಲ್ಲಿ ಹೇಳುವ ಕತೆ: ಹಣ, ಹೆಸರು, ಮೋಜಿನಲ್ಲಿ ಮುಳುಗಿದ್ದ ಪಾಪ್ ಗಾಯಕ 1977ರಲ್ಲಿ ಇಸ್ಲಾಂ ಸ್ವೀಕರಿಸಿ ಹಳೆಯದನ್ನೆಲ್ಲ ಒದ್ದು ಬಂದ. ಇನ್ನೊಂದು, ಪಾಶ್ಚಾತ್ಯ ಸಂಗೀತ ಪತ್ರಿಕೆಗಳಲ್ಲಿ ಬಹುಕಾಲ ಓಡಿದ ಕತೆ: ಅಪರೂಪದ ಹಾಡುಗಾರನೊಬ್ಬನನ್ನು 1977ರಲ್ಲಿ ಧರ್ಮ ನುಂಗಿಹಾಕಿತು. ಎರಡೂ ಕತೆಗಳ ತಿರುವು ಒಂದೇ ಇಸವಿಯಲ್ಲಿದೆ. ಹಾಡುಗಳನ್ನು ಕಿವಿಗೊಟ್ಟು ಕೇಳುವ ಗೋಜಿಗೆ ಎರಡೂ ಹೋಗುವುದಿಲ್ಲ. ಕೇಳಿದವರಿಗೆ ಗೊತ್ತಾಗುತ್ತದೆ, ಆ ದನಿಯೊಳಗಿನ ದೊಡ್ಡ ತಿರುವು ನಡೆದದ್ದು 1970ರಲ್ಲಿ, ಕಲಿಮಾ ಹೇಳುವುದಕ್ಕೆ ಏಳು ವರ್ಷ ಮೊದಲು. ಅದನ್ನು ಅರ್ಥಮಾಡಿಕೊಳ್ಳದೆ ಮುಂದಿನದನ್ನು ಅರ್ಥಮಾಡಿಕೊಳ್ಳಲಾಗದು ಎಂಬುದು ನಮ್ಮ ವಾದ.

ಸ್ಟೀವನ್ ಡಿಮಿಟ್ರಿ ಜಾರ್ಜಿಯು ಹುಟ್ಟಿದ್ದು 1948ರ ಜುಲೈ 21ರಂದು, ಲಂಡನ್ನಿನಲ್ಲಿ. ತಂದೆ ಸೈಪ್ರಸ್ಸಿನ ಗ್ರೀಕ್, ತಾಯಿ ಸ್ವೀಡನ್ನಿನವರು. ಶಾಫ್ಟ್ಸ್‌ಬರಿ ಅವೆನ್ಯೂದಲ್ಲಿ ಅವರದೊಂದು ರೆಸ್ಟೋರೆಂಟು, ಅದರ ಮೇಲೆಯೇ ಮನೆ. ಸುತ್ತಮುತ್ತ ನಾಟಕಶಾಲೆಗಳು, ಹಾಡಿನ ಕ್ಲಬ್ಬುಗಳು. 1966ರಲ್ಲಿ, ಹದಿನೆಂಟರ ಹರೆಯದಲ್ಲಿ, ಕ್ಯಾಟ್ ಸ್ಟೀವನ್ಸ್ ಎಂಬ ಹೆಸರಿನಲ್ಲಿ ಮೊದಲ ಹಾಡು ಬಂತು. ಮರುವರ್ಷದ 'ಮ್ಯಾಥ್ಯೂ ಅಂಡ್ ಸನ್' ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಜಿಮಿ ಹೆಂಡ್ರಿಕ್ಸ್, ಎಂಗಲ್‌ಬರ್ಟ್ ಹಂಪರ್‌ಡಿಂಕ್ ಮುಂತಾದವರ ಜೊತೆ ಊರೂರು ಸುತ್ತಾಟ. ಸೂಟು ಬೂಟು, ಫೋಟೋ, ಹುಡುಗಿಯರ ಕಿರುಚಾಟ.

'ಮ್ಯಾಥ್ಯೂ ಅಂಡ್ ಸನ್' ಹಾಡನ್ನು ಇಂದು ಕೇಳಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ಅದರ ವಸ್ತು ಪ್ರೇಮವಲ್ಲ. ಒಂದು ಕಂಪನಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದುಡಿದು ಸವೆಯುವ ನೌಕರರ ಬದುಕು. ಸಂಬಳ ಹೆಚ್ಚಿಸಿ ಎಂದು ಕೇಳಲು ಅಂಜುವವರ ಬದುಕು. ಹದಿನೆಂಟರ ಹುಡುಗ ಇಂಥ ವಸ್ತು ಎತ್ತಿಕೊಂಡದ್ದೇ ದೊಡ್ಡದು. ಆದರೆ ನಿರ್ಮಾಪಕ ಮೈಕ್ ಹರ್ಸ್ಟ್ ಅದರ ಮೇಲೆ ಹೇರಿದ ವಾದ್ಯಮೇಳದ ಅಬ್ಬರದಲ್ಲಿ, ಕಹಳೆಗಳ ಗದ್ದಲದಲ್ಲಿ, ಆ ನೌಕರರ ದಣಿವು ಎಲ್ಲಿಯೂ ಕೇಳಿಸುವುದಿಲ್ಲ. ಮದುವೆ ಮನೆಯ ಬ್ಯಾಂಡಿನವರು ಮರಸಿಯಾ ನುಡಿಸಿದಂತೆ. ಅದೇ ವರ್ಷದ ಕೊನೆಗೆ ಬಂದ ಎರಡನೇ ಆಲ್ಬಂ 'ನ್ಯೂ ಮಾಸ್ಟರ್ಸ್'ನಲ್ಲೂ ಇದೇ ಕತೆ. ಅದರಲ್ಲಿದ್ದ 'ದಿ ಫಸ್ಟ್ ಕಟ್ ಈಸ್ ದಿ ಡೀಪೆಸ್ಟ್' ಹಾಡನ್ನು ಪಿ.ಪಿ. ಆರ್ನಾಲ್ಡ್ ಎಂಬ ಗಾಯಕಿ ಜನಪ್ರಿಯಗೊಳಿಸಿದರು. ಸ್ಟೀವನ್ಸ್ ಅವರ ಆಲ್ಬಂ ಮಾತ್ರ ಬಿದ್ದುಹೋಯಿತು.

ಬಳಿಕ ಕ್ಷಯ. ಇಪ್ಪತ್ತರ ಆಸುಪಾಸಿನಲ್ಲಿದ್ದ ಹುಡುಗ ಸಸೆಕ್ಸಿನ ಮಿಡ್‌ಹರ್ಸ್ಟ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಬೇಕಾಯಿತು. ಸಾವು ಹತ್ತಿರ ಬಂದು ಹೋಯಿತು. ಹೊರಬಂದ ಮೇಲೂ ದೀರ್ಘ ವಿಶ್ರಾಂತಿ. ಆ ಕಾಲದಲ್ಲಿ ಅವರು ಓದಿದರು, ಧ್ಯಾನ ಕಲಿತರು, ಹತ್ತಾರು ಹಾಡು ಬರೆದರು. ಕಾಯಿಲೆಯೇ ಕಲಾವಿದನನ್ನು ಮಾಡಿತು ಎಂದು ಬರೆಯುವುದು ನಮಗೆ ಇಷ್ಟವಿಲ್ಲ. ಕ್ಷಯ ಬಂದವರೆಲ್ಲ ಹಾಡು ಕಟ್ಟಲಿಲ್ಲ, ಬಹಳಷ್ಟು ಜನ ಸತ್ತರು. ಆದರೆ ಪೇಟೆ ಒಬ್ಬ ಗಾಯಕನಿಗೆ ಎಂದೂ ಕೊಡದ ಒಂದು ವಸ್ತುವನ್ನು ಆ ಕಾಯಿಲೆ ಅವರಿಗೆ ಕೊಟ್ಟಿತು: ಯಾರೂ ಕೇಳುತ್ತಿಲ್ಲದ ಬಿಡುವು.

1970ರಲ್ಲಿ ಎರಡು ಆಲ್ಬಂಗಳು ಬಂದವು. ಮೊದಲು 'ಮೋನಾ ಬೋನ್ ಜೇಕನ್', ವರ್ಷದ ಕೊನೆಗೆ 'ಟೀ ಫಾರ್ ದಿ ಟಿಲ್ಲರ್‌ಮನ್'. ಐಲ್ಯಾಂಡ್ ಎಂಬ ಹೊಸ ಕಂಪನಿ, ಯಾರ್ಡ್‌ಬರ್ಡ್ಸ್ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಪಾಲ್ ಸ್ಯಾಮ್‌ವೆಲ್-ಸ್ಮಿತ್ ಎಂಬ ಹೊಸ ನಿರ್ಮಾಪಕ. ಜೊತೆಗೆ ಅಲನ್ ಡೇವೀಸ್ ಎಂಬ ಗಿಟಾರ್ ವಾದಕ. ಈ ಮನುಷ್ಯ ಮುಂದೆ ದಶಕಗಳ ಕಾಲ ಸ್ಟೀವನ್ಸ್ ಪಕ್ಕದಲ್ಲಿ ಕೂರಲಿದ್ದ. ಎರಡು ಅಕೂಸ್ಟಿಕ್ ಗಿಟಾರು, ಒಂದು ಬೇಸ್, ಹಗುರ ಡ್ರಮ್ಮು, ಅಲ್ಲಲ್ಲಿ ಪಿಯಾನೊ. 'ಕಾಠ್ಮಂಡು' ಎಂಬ ಹಾಡಿಗೆ ಕೊಳಲು ನುಡಿಸಿದ್ದು ಆಗಿನ್ನೂ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಪೀಟರ್ ಗೇಬ್ರಿಯಲ್. ಕಹಳೆಗಳು ನಿಂತವು. 'ಪಾಪ್ ಸ್ಟಾರ್' ಎಂಬ ಹಾಡಿನಲ್ಲಿ ಹಳೆಯ ತನ್ನನ್ನೇ ಗೇಲಿ ಮಾಡಿಕೊಂಡು, ಆ ಬಾಗಿಲು ಮುಚ್ಚಿ ಹೊರಟರು.

ಇಂಥ ನಾದಕ್ಕೆ ಈಗ 'ಸಾವಯವ' ಎಂಬ ವಿಶೇಷಣ ಹಚ್ಚುವುದು ರೂಢಿ. ಸಾವಯವ ಬೆಲ್ಲ, ಸಾವಯವ ಅಕ್ಕಿಯ ಹಾಗೆ ಸಾವಯವ ಸಂಗೀತ. ಪಾಪ್ ಗಾಯಕರು ಒಂದು ವಯಸ್ಸು ದಾಟಿದ ಮೇಲೆ ಕಂಪ್ಯೂಟರ್ ಬದಿಗಿಟ್ಟು, ಕಾಡಿನಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಮರದ ಗಿಟಾರು ಹಿಡಿದು 'ನಾನೀಗ ಪ್ರಬುದ್ಧ' ಎಂದು ಹೇಳುವುದು ಈ ಕಾಲದ ಒಂದು ವಾಡಿಕೆ. ಎಲ್ಲವೂ ಸೋಗು ಎಂದು ನಾವು ಹೇಳುವುದಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಟೇಲರ್ ಸ್ವಿಫ್ಟ್ ತಂದ 'ಫೋಕ್‌ಲೋರ್' ಆಲ್ಬಮ್ಮಿನಲ್ಲಿ ತನ್ನ ದಿನಚರಿ ಬಿಟ್ಟು ಬೇರೆಯವರ ಕತೆ ಹೇಳುವ ಪ್ರಯತ್ನವಿದೆ, ಅದು ನಿಜವಾದ ಬೆಳವಣಿಗೆ. ಆದರೆ ಬಹಳ ಸಲ ಬದಲಾಗುವುದು ಹೊದಿಕೆ ಮಾತ್ರ. ಹಾಗಾದರೆ ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸುವುದು ಹೇಗೆ?

ಉರ್ದು ಶಾಲೆಯಲ್ಲಿ ನಮ್ಮ ಉಸ್ತಾದರು ಮೀರ್ ತಖೀ ಮೀರ್ ಪಾಠ ಮಾಡುವಾಗ ಒಂದು ಮಾತು ಹೇಳಿಕೊಟ್ಟಿದ್ದರು: ಸಹ್ಲೆ ಮುಮ್ತನಾ. ಕೇಳಿದರೆ ಇಷ್ಟೇನಾ ಅನ್ನಿಸಬೇಕು, ಹಾಗೇ ಬರೆಯಲು ಕೂತರೆ ಕೈ ಸೋಲಬೇಕು. ಅಂಥ ಸರಳತೆ. ಅಲಂಕಾರ ಕಿತ್ತುಹಾಕಿದ ಮಾತ್ರಕ್ಕೆ ಅದು ಬರುವುದಿಲ್ಲ, ಅಲಂಕಾರದ ಅಗತ್ಯವೇ ಬೀಳದಷ್ಟು ಮಾತು ಗಟ್ಟಿಯಾಗಿದ್ದಾಗ ಬರುತ್ತದೆ ಎನ್ನುತ್ತಿದ್ದರು ಉಸ್ತಾದರು. ನಮಗೆ ಸಿಕ್ಕ ಅಳತೆಗೋಲು ಇದು. 'ಟಿಲ್ಲರ್‌ಮನ್' ಆಲ್ಬಮ್ಮನ್ನು ಇದರಿಂದ ಅಳೆಯೋಣ.

ಮೊದಲ ಹಾಡು 'ವೇರ್ ಡು ದಿ ಚಿಲ್ಡ್ರನ್ ಪ್ಲೇ?'. ವಿಮಾನ, ರಸ್ತೆ, ಮುಗಿಲು ಮುಟ್ಟುವ ಕಟ್ಟಡ ಎಲ್ಲ ಸರಿ, ಮಕ್ಕಳು ಆಡುವುದೆಲ್ಲಿ ಎಂದು ಕೇಳುವ ಹಾಡು. ಕೂಗಿ ಕೇಳುವುದಿಲ್ಲ, ಬೀದಿಯಲ್ಲಿ ನಿಂತ ಒಬ್ಬ ಸಾಮಾನ್ಯ ಮನುಷ್ಯ ಪಕ್ಕದವನನ್ನು ಕೇಳಿದ ಹಾಗೆ ಕೇಳುತ್ತದೆ. 'ಸ್ಯಾಡ್ ಲೀಸಾ'ದಲ್ಲಿ ಪಿಯಾನೊ, ಪಿಟೀಲುಗಳಿವೆ. ಸಾವಯವ ಎಂದರೆ ಗಿಟಾರು ಮಾತ್ರ ಎಂಬ ಮಡಿವಂತಿಕೆ ಇಲ್ಲಿಲ್ಲ. ಆದರೆ 1967ರಲ್ಲಿ ವಾದ್ಯಗಳು ಹಾಡನ್ನು ಹೊತ್ತು ಮೆರವಣಿಗೆ ಹೊರಟಿದ್ದವು, ಇಲ್ಲಿ ಅಳುವ ಹುಡುಗಿಯ ಪಕ್ಕ ಸುಮ್ಮನೆ ಕೂತಿವೆ. ವಾದ್ಯ ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದು ಮುಖ್ಯ.

ಇನ್ನು 'ಫಾದರ್ ಅಂಡ್ ಸನ್'. ಕತೆ ಬರೆಯುವವರಾಗಿ ನಮಗೆ ಈ ಹಾಡಿನ ಮೇಲೆ ವಿಶೇಷ ಹೊಟ್ಟೆಕಿಚ್ಚು. ರಷ್ಯಾದ ಕ್ರಾಂತಿಯ ಹಿನ್ನೆಲೆಯ ಒಂದು ಸಂಗೀತ ನಾಟಕಕ್ಕಾಗಿ ಸ್ಟೀವನ್ಸ್ ಇದನ್ನು ಬರೆದದ್ದು. ಕ್ರಾಂತಿಗೆ ಸೇರಹೊರಟ ಮಗ, ಹೊಲ ಮನೆ ನೋಡಿಕೊಂಡಿರು ಎನ್ನುವ ತಂದೆ. ನಾಟಕ ಆಗಲಿಲ್ಲ, ಹಾಡು ಉಳಿಯಿತು. ತಂದೆಯ ಮಾತುಗಳನ್ನು ಕೆಳಸ್ಥಾಯಿಯಲ್ಲಿ ನಿಧಾನವಾಗಿ ಹಾಡುತ್ತಾರೆ. ಮಗನ ಸರದಿ ಬಂದಾಗ ಅದೇ ದನಿ ಮೇಲಕ್ಕೆ ಹಾರಿ ಒಡೆಯುವಷ್ಟು ಬಿಗಿಯಾಗುತ್ತದೆ. ಹಾಡುವವನು ಒಬ್ಬನೇ, ರಾಗವೂ ಬಹುಮಟ್ಟಿಗೆ ಒಂದೇ. ತಂದೆ ಕೆಟ್ಟವನಲ್ಲ, ಅವನ ಮಾತಿನಲ್ಲಿ ವಾತ್ಸಲ್ಯವಿದೆ. ಮಗ ಉದ್ಧಟನಲ್ಲ, ಅವನ ಸಿಟ್ಟಿನಲ್ಲಿ ನೋವಿದೆ. ಇಬ್ಬರೂ ಸರಿ, ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ತಂದೆಯ ಪರವಾಗಿಯೂ ನ್ಯಾಯವಾಗಿ ಮಾತಾಡಬಲ್ಲವನಾದ. ಪ್ರಬುದ್ಧತೆ ಎಂದು ನಾವು ಕರೆಯುವುದು ಇದನ್ನು. ಗಿಟಾರು ಮರದ್ದೋ ಕರೆಂಟಿನದೋ ಎಂಬುದು ಆಮೇಲಿನ ಮಾತು.

ಈ ಪ್ರಬುದ್ಧತೆ ಒಮ್ಮೆ ಬಂದರೆ ಬಿಟ್ಟು ಹೋಗದ ಆಸ್ತಿಯೂ ಅಲ್ಲ. 1971ರ 'ಟೀಸರ್ ಅಂಡ್ ದಿ ಫೈರ್‌ಕ್ಯಾಟ್'ವರೆಗೆ ಅದು ಕೈಯಲ್ಲಿತ್ತು. 1972ರ 'ಕ್ಯಾಚ್ ಬುಲ್ ಅಟ್ ಫೋರ್' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು, ಆದರೆ ಸದ್ದು ಮತ್ತೆ ದಪ್ಪವಾಗತೊಡಗಿತ್ತು. 1973ರಲ್ಲಿ ಸ್ಯಾಮ್‌ವೆಲ್-ಸ್ಮಿತ್‌ರನ್ನು ಬಿಟ್ಟು, ಜಮೈಕಾಕ್ಕೆ ಹೋಗಿ, ಆಲ್ಬಮ್ಮಿನ ಒಂದು ಮಗ್ಗುಲನ್ನೆಲ್ಲ ಒಂದೇ ದೀರ್ಘ ಗೀತೆಯಿಂದ ತುಂಬಿದ 'ಫಾರಿನರ್' ಮಾಡಿದರು. ಸಾಹಸ ಮೆಚ್ಚಬೇಕಾದ್ದು, ಹಾಡು ನೆನಪಿನಲ್ಲಿ ನಿಲ್ಲುವುದಿಲ್ಲ. 1977ರ 'ಇಜಿಟ್ಸೊ'ದಲ್ಲಿ ಸಿಂಥೆಸೈಜರುಗಳ ಆಟ. ಖ್ಯಾತಿ ಮತ್ತೆ ಮನೆಯೊಳಗೆ ಬಂದು ಕೂತಿತ್ತು, ಕಹಳೆಯ ಜಾಗದಲ್ಲಿ ಯಂತ್ರ.

1977ರ ಡಿಸೆಂಬರಿನಲ್ಲಿ ಅವರು ಇಸ್ಲಾಂ ಸ್ವೀಕರಿಸಿದರು. ಮಾಲಿಬು ಸಮುದ್ರದಲ್ಲಿ ಮುಳುಗುತ್ತಿದ್ದಾಗ ದೇವರಿಗೆ ಕೊಟ್ಟ ಮಾತು, ಅಣ್ಣ ಡೇವಿಡ್ ಕೊಟ್ಟ ಕುರ್‌ಆನ್ ಪ್ರತಿ, ಸೂರಃ ಯೂಸುಫ್ ಓದಿ ಕರಗಿದ್ದು, ಇವೆಲ್ಲ ನಮ್ಮ ಓದುಗರಿಗೆ ಗೊತ್ತಿರುವ ಸಂಗತಿಗಳು. 1979ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಯೂನಿಸೆಫ್‌ಗಾಗಿ ಕೊನೆಯ ಕಛೇರಿ. ನಂತರ ಗಿಟಾರುಗಳನ್ನು ಹರಾಜು ಹಾಕಿ ಹಣವನ್ನು ದಾನ ಮಾಡಿದರು. 1983ರಲ್ಲಿ ಲಂಡನ್ನಿನಲ್ಲಿ ಇಸ್ಲಾಮಿಯಾ ಶಾಲೆ ತೆರೆದರು. 1998ರಲ್ಲಿ ಅದು ಸರ್ಕಾರದ ಅನುದಾನ ಪಡೆದ ಬ್ರಿಟನ್ನಿನ ಮೊದಲ ಮುಸ್ಲಿಂ ಶಾಲೆಯಾಯಿತು. ಮಕ್ಕಳು ಆಡುವುದೆಲ್ಲಿ ಎಂದು ಕೇಳಿದ ಗಾಯಕ ಮಕ್ಕಳಿಗೆ ಒಂದು ಅಂಗಳ ಕಟ್ಟಿಕೊಟ್ಟ. ಇದನ್ನು ಹಾಡಿನ ಸಾವು ಎಂದು ಕರೆದವರು ಹಾಡಿನ ಅರ್ಥವನ್ನೇ ಹಿಡಿಯಲಿಲ್ಲ.

ಆ ವರ್ಷಗಳೆಲ್ಲ ಕಳಂಕವಿಲ್ಲದವು ಎಂದೇನಲ್ಲ. 1989ರಲ್ಲಿ ರಶ್ದಿ ವಿವಾದದ ಹೊತ್ತಿನಲ್ಲಿ ಅವರಾಡಿದ ಮಾತುಗಳು ಅವರ ಬೆನ್ನು ಬಿಡಲಿಲ್ಲ. ಅಮೆರಿಕದ ಕೆಲವು ರೇಡಿಯೊಗಳು ಅವರ ಹಾಡು ನಿಲ್ಲಿಸಿದವು. ತಮ್ಮ ಮಾತನ್ನು ತಿರುಚಲಾಯಿತು ಎಂದು ಅವರು ಹೇಳುತ್ತ ಬಂದಿದ್ದಾರೆ. ಇರಬಹುದು. ಆದರೆ ತಂದೆಯ ಮಾತನ್ನೂ ಮಗನ ಮಾತನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಲ್ಲವರು ಅಂದು ಎಡವಿದರು ಎನ್ನಲು ನಮಗೆ ಸಂಕೋಚವಿಲ್ಲ.

ಈಗ ನಮ್ಮ ಮನೆಯೊಳಗಿನ ಕಷ್ಟದ ಪ್ರಶ್ನೆಗೆ ಬರೋಣ. ತೊಂಬತ್ತರ ದಶಕದಲ್ಲಿ ಅವರು ತಂದ ಧಾರ್ಮಿಕ ಧ್ವನಿಮುದ್ರಿಕೆಗಳಲ್ಲಿ ಗಿಟಾರಿಲ್ಲ. ದನಿ, ಹೆಚ್ಚೆಂದರೆ ದಫ್. ಇದಕ್ಕಿಂತ ಸಾವಯವ ನಾದ ಬೇರೆ ಉಂಟೇ? ಹಾಗಾದರೆ ಅವು 'ಟಿಲ್ಲರ್‌ಮನ್'ಗಿಂತ ಪ್ರಬುದ್ಧವೇ? ಅಮ್ಮಿಯ ಜೊತೆ ಕೂತು ಕೇಳಿದ ಆ ಕ್ಯಾಸೆಟ್ಟಿನ ಋಣ ನಮ್ಮ ಮೇಲಿದೆ. ಆದರೂ ವಿಮರ್ಶೆ ಬರೆಯಲು ಕೂತ ಮೇಲೆ ಹೇಳಲೇಬೇಕು, ಅಲ್ಲ. ಅವು ಕಲಿಸುವ ದನಿಗಳು, ಅದು ಅವುಗಳ ಉದ್ದೇಶ, ಆ ಉದ್ದೇಶವನ್ನು ಅವು ಈಡೇರಿಸಿವೆ. ಆದರೆ ಉತ್ತರ ಗೊತ್ತಿರುವವನ ದನಿ ಅದು. ಹುಡುಕುವವನ ದನಿಯಲ್ಲಿ ಇರುವ ನಡುಕ ಅಲ್ಲಿಲ್ಲ. ವಾದ್ಯ ಬಿಟ್ಟ ಮಾತ್ರಕ್ಕೆ ಹಾಡು ಪಾಕ್ ಆಗುವುದಿಲ್ಲ, ಹಿಡಿದ ಮಾತ್ರಕ್ಕೆ ನಾಪಾಕ್ ಆಗುವುದಿಲ್ಲ. ವಾದ್ಯಗಳ ಕುರಿತು ಉಲಮಾಗಳಲ್ಲಿ ಭಿನ್ನಮತವಿದೆ, ಆ ತೀರ್ಪು ನಮ್ಮ ಕೆಲಸವಲ್ಲ. ಕಲೆಯ ಮಟ್ಟಿಗೆ ನಮಗೆ ತಿಳಿದದ್ದಿಷ್ಟು: ಈಮಾನ್ ಬಂದ ಮೇಲೆ ಪ್ರಶ್ನೆಗಳು ಮುಗಿಯುತ್ತವೆ ಎಂದು ಭಾವಿಸುವ ಕಲೆ ಬಡವಾಗುತ್ತದೆ. ಪ್ರವಾದಿ ಇಬ್ರಾಹೀಮರೂ(ಅ) ಸತ್ತವರನ್ನು ಹೇಗೆ ಜೀವಂತಗೊಳಿಸುವೆ, ತೋರಿಸು ಎಂದು ಅಲ್ಲಾಹನನ್ನು ಕೇಳಿದ್ದರು. ನಂಬಿಕೆಯಿಲ್ಲದೆ ಅಲ್ಲ, ಹೃದಯದ ಸಮಾಧಾನಕ್ಕಾಗಿ.

ಗಿಟಾರು ಆ ಮನೆಗೆ ಮರಳಿದ್ದು ಮಗನ ಕೈಯಲ್ಲಿ. ಮಗ ತಂದಿಟ್ಟ ಗಿಟಾರನ್ನು ಒಂದು ಮುಂಜಾನೆ ತಂದೆ ಎತ್ತಿಕೊಂಡರು, ಬೆರಳುಗಳು ಮರೆತಿರಲಿಲ್ಲ. 2006ರಲ್ಲಿ 'ಆ್ಯನ್ ಅದರ್ ಕಪ್' ಬಂತು. 1978ರ 'ಬ್ಯಾಕ್ ಟು ಅರ್ತ್' ನಂತರ ಇಪ್ಪತ್ತೆಂಟು ವರ್ಷಕ್ಕೆ ಬಂದ ಪಾಪ್ ಆಲ್ಬಂ. ನಮ್ಮವರಲ್ಲೇ ಹಲವರು ಮುಖ ತಿರುಗಿಸಿದರು. ತಾನು ಏಕೆ ಇನ್ನೂ ಗಿಟಾರು ಹಿಡಿದಿದ್ದೇನೆ ಎಂದು ವಿವರಿಸಿ 2014ರಲ್ಲಿ ಅವರು ಒಂದು ಕಿರುಪುಸ್ತಕವನ್ನೇ ಬರೆಯಬೇಕಾಯಿತು. 2006ರ ಆಲ್ಬಂ ನಮಗೆ ಪೂರ್ತಿ ಹಿಡಿಸಲಿಲ್ಲ. ಎಲ್ಲರನ್ನೂ ಸಮಾಧಾನಪಡಿಸುವ ಆತುರ, ಅತಿಯಾದ ನಯ ಅದರಲ್ಲಿದೆ. ಆದರೆ 2017ರ 'ದಿ ಲಾಫಿಂಗ್ ಆ್ಯಪಲ್' ಬೇರೆ ಮಾತು. ಸ್ಯಾಮ್‌ವೆಲ್-ಸ್ಮಿತ್, ಅಲನ್ ಡೇವೀಸ್ ಮತ್ತೆ ಜೊತೆಗೂಡಿದರು. 1967ರಲ್ಲಿ ಬಿದ್ದುಹೋಗಿದ್ದ 'ನ್ಯೂ ಮಾಸ್ಟರ್ಸ್'ನ ಕೆಲವು ಹಾಡುಗಳನ್ನು, ಅಂದಿನ ವಾದ್ಯಮೇಳದ ಭಾರ ಇಳಿಸಿ, ಮತ್ತೆ ಹಾಡಿದರು. 'ಬ್ಲ್ಯಾಕ್‌ನೆಸ್ ಆಫ್ ದಿ ನೈಟ್' ಎಂಬ ಹಾಡಿನ ಎರಡೂ ಆವೃತ್ತಿಗಳನ್ನು ಒಂದರ ಹಿಂದೊಂದು ಕೇಳಬೇಕು. ಕತ್ತಲಲ್ಲಿ ಒಂಟಿಯಾಗಿ ಅಲೆಯುವವನ ಹಾಡು. ಹತ್ತೊಂಬತ್ತರಲ್ಲಿ ಅವನು ಒಂಟಿ ಎಂದು ನಾವು ನಂಬಲಾರೆವು, ಸುತ್ತ ಅಷ್ಟು ಜನ ನುಡಿಸುತ್ತಿದ್ದಾರೆ. ಎಪ್ಪತ್ತರ ಹತ್ತಿರದಲ್ಲಿ ನಂಬುತ್ತೇವೆ. ಐವತ್ತು ವರ್ಷ ಆ ಹಾಡು ತನ್ನ ದನಿಗಾಗಿ ಕಾದಿತ್ತು.

2020ರಲ್ಲಿ, 'ಟಿಲ್ಲರ್‌ಮನ್'ಗೆ ಐವತ್ತು ತುಂಬಿದಾಗ, ಅವರು ಆ ಆಲ್ಬಮ್ಮನ್ನು ಪೂರ್ತಿಯಾಗಿ ಮತ್ತೆ ಹಾಡಿದರು. ಕೆಲವು ಹೊಸ ರೂಪಗಳು ಮೂಲದ ಮುಂದೆ ಸಪ್ಪೆ. 'ವೈಲ್ಡ್ ವರ್ಲ್ಡ್' ಹಾಡಿಗೆ ಹಾಕಿದ ಹಳೆ ಸಿನಿಮಾದ ವೇಷ ನಮಗೆ ಒಗ್ಗಲಿಲ್ಲ. ಆದರೆ 'ಫಾದರ್ ಅಂಡ್ ಸನ್'ನಲ್ಲಿ ಅವರು ಮಾಡಿದ್ದು ಬೇರೆ ಯಾವ ಗಾಯಕನೂ ಸುಲಭಕ್ಕೆ ಮಾಡಲಾಗದ್ದು. ಮಗನ ಭಾಗಕ್ಕೆ 1970ರ ತನ್ನದೇ ಹಳೆಯ ದನಿಯನ್ನು ಇಟ್ಟು, ತಂದೆಯ ಭಾಗವನ್ನು ಎಪ್ಪತ್ತು ದಾಟಿದ ದನಿಯಲ್ಲಿ ಹಾಡಿದರು. ಅಂದು ಒಬ್ಬನೇ ಹುಡುಗ ಎರಡೂ ಪಾತ್ರ ಆಡಿದ್ದ. ಇಂದು ತಂದೆ ನಿಜವಾಗಿಯೂ ತಂದೆ. ಮಗನಿಗೆ ಇನ್ನೂ ಇಪ್ಪತ್ತೆರಡು.

ನಮ್ಮ ಅಬ್ಬಾ ಈಗಿಲ್ಲ. ನಮ್ಮ ಕತೆಗಳನ್ನು ಅವರು ಓದಲಿಲ್ಲ, ಕನ್ನಡ ಓದಲು ಅವರಿಗೆ ಬರುತ್ತಿರಲಿಲ್ಲ. ಪತ್ರಿಕೆಯಲ್ಲಿ ಹೆಸರು ಬಂದಾಗ ಅದನ್ನು ಮಡಿಚಿ ಶೇರ್ವಾನಿಯ ಜೇಬಿನಲ್ಲಿಟ್ಟುಕೊಂಡು ಮಸೀದಿಗೆ ಹೋಗುತ್ತಿದ್ದರು ಎಂದು ಅವರು ಹೋದ ಮೇಲೆ ಬೇರೆಯವರಿಂದ ತಿಳಿಯಿತು. ಈಗ ನಮ್ಮ ಮನೆಯಲ್ಲೂ ಹದಿನಾರರ ಹುಡುಗನಿದ್ದಾನೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಾನೆ. ಅವನು ಕೇಳುವ ಹಾಡುಗಳು ನಮಗೆ ಗದ್ದಲವೆನಿಸುತ್ತವೆ. ಕಳೆದ ವಾರ ಅವನಿಗೆ ಈ 2020ರ ಹಾಡನ್ನು ಕೇಳಿಸಿದೆವು. ಪೂರ್ತಿ ಕೇಳಿದ. "ಅಬ್ಬಾ, ಆ ತಂದೆ ಯಾಕೆ ಮಗನ ಮಾತು ಕೇಳಿಸಿಕೊಳ್ಳಲ್ಲ?" ಎಂದ.

ಎಲ್ಲ ಬಿಟ್ಟು ಬಂದ ಎಂದಿದ್ದರು ಮಾಮು. ಈ ಹಾಡನ್ನು ಆ ಮನುಷ್ಯ ಬಿಟ್ಟಿರಲಿಲ್ಲ, ಅದರ ಇನ್ನೊಂದು ಬದಿಗೆ ನಡೆದು ಹೋಗಿದ್ದರು ಅಷ್ಟೆ. ಹುಡುಗನ ಪ್ರಶ್ನೆಗೆ ನಾವು ಕೂಡಲೇ ಉತ್ತರ ಕೊಡಲು ಹೋಗಲಿಲ್ಲ. ಅವನು ಕೇಳುತ್ತಿದ್ದ ಹಾಡನ್ನು ಹಾಕು, ನಾವೂ ಕೇಳುತ್ತೇವೆ ಎಂದೆವು.